ನೈಮೆಗನ್ನಿನ ಇಲ್ಲದ ಅಗಸಿ

ಪೋಸ್ಟ್‌ಕಾರ್ಡಿನಲ್ಲಿ ಎರಡು ದುಂಡು ಬುರುಜುಗಳ ನಡುವೆ ಎತ್ತರದ ಬಾಗಿಲಿತ್ತು. ಹುಡುಕಿಕೊಂಡು ಹೋದ ಜಾಗದಲ್ಲಿ ಡಾಂಬರು, ಸೈಕಲ್‌ಗಳಿಗಾಗಿಯೇ ಇಟ್ಟ ಪುಟ್ಟ ಸಿಗ್ನಲ್ ದೀಪ, ಒಂದು ಹೂವಿನ ಅಂಗಡಿ. ಕಲ್ಲಿನ ಚೂರೂ ಇರಲಿಲ್ಲ.

ಕಾರ್ಡು ಕೊಟ್ಟವರು ಪಕ್ಕದ ಮನೆಯ ಅಜ್ಜಿ ಯಾನ್ನೆಕೆ. ಮಗು ಹುಟ್ಟಿದರೆ ಈ ಪರದೇಶದ ಊರಿನವರು ‘ಕಾರ್ಚೆ’, ಅಂದರೆ ಪುಟ್ಟ ಕಾರ್ಡು, ಕಳಿಸುತ್ತಾರೆ. ನಮ್ಮಲ್ಲಾದರೆ ಮನೆಗೇ ಬಂದು ಕೂಸನ್ನು ಎತ್ತಿಕೊಂಡುಬಿಡುತ್ತಾರೆ. ನನ್ನ ಮಗ ದಿನ ತುಂಬುವ ಮೊದಲೇ ಹುಟ್ಟಿ, ವಾರಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಅವನ ಎದೆ ಏರಿಳಿಯುವುದನ್ನು ನೋಡುತ್ತ ಕೂರುವುದೇ ನನ್ನ ಕೆಲಸವಾಗಿತ್ತು. ಮನೆಗೆ ಬಂದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

ಬಾಣಂತನಕ್ಕೆ ವಿಜಯಪುರದಿಂದ ಬಂದಿದ್ದ ಅವ್ವನಿಗೆ ಬೇರೆ ಚಿಂತೆ. ನಮ್ಮ ಮನೆಯಲ್ಲಿ ಕೂಸನ್ನು ಮೊದಲ ಸಲ ಊರೊಳಗೆ ತರುವಾಗ ಅಗಸಿಯಲ್ಲಿ, ಅಂದರೆ ಊರಬಾಗಿಲಲ್ಲಿ, ನಿಲ್ಲಿಸಿ ರೊಟ್ಟಿ-ನೀರು ನಿವಾಳಿಸುತ್ತಾರೆ. ಈ ಕೂಸು ಕಾರಿನಲ್ಲಿ ಸುಮ್ಮನೆ ಬಂದುಬಿಟ್ಟಿತ್ತು. ವೀಸಾ ಮುಗಿಯುತ್ತ ಬಂದರೂ ಇದೊಂದು ಆಗದೆ ಹೊರಡಲು ಅವಳಿಗೆ ಧೈರ್ಯವಿಲ್ಲ.

“ಅಗಸಿ ಇಲ್ಲಂತಿದ್ದೆಲ್ಲ, ಇಲ್ನೋಡು, ಚಿತ್ರದಾಗ ಐತಿ!” ಎಂದು ಕಾರ್ಡು ತೋರಿಸಿದಳು.

ಅವ್ವನ ಮಾತು ತಿಳಿಸಿದಾಗ ಯಾನ್ನೆಕೆ ನಕ್ಕರು. “ಕೆಡವಿ ನೂರು ವರ್ಷದ ಮೇಲಾಯಿತು. ಗೋಡೆಯೊಳಗೆ ಜನಕ್ಕೆ ಇಕ್ಕಟ್ಟಾಗಿತ್ತು. ಬಿದ್ದಾಗ ಊರೇ ಕುಣಿಯಿತಂತೆ.” ನನಗೆ ಅಚ್ಚರಿ. ನಮ್ಮೂರ ಅಗಸಿಯಲ್ಲಿ ದಿನಾ ಟಂಟಂ ಆಟೋಗಳು ಸಿಕ್ಕಿಕೊಳ್ಳುತ್ತವೆ. ಬೈದುಕೊಂಡೇ ದಾಟುತ್ತೇವೆ, ಕೆಡವುವ ಮಾತು ಮನೆಯಲ್ಲಿ ಯಾರೂ ಆಡಿದ್ದಿಲ್ಲ.

ಆದರೂ ಯಾನ್ನೆಕೆ ನಮ್ಮನ್ನು ಕರೆದೊಯ್ದು, “ಇಲ್ಲೇ ಇತ್ತು” ಎಂದು ತೋರಿಸಿದರು. ಜೋಳದ ಹಿಟ್ಟು ಮುಗಿದಿತ್ತು. ಅವ್ವ ಕಂದು ಬ್ರೆಡ್ಡಿನ ತುಂಡನ್ನೇ ನಿವಾಳಿಸತೊಡಗಿದಳು. ಹಿಂದೆ ಸೈಕಲ್ ಗಂಟೆ ಕೇಳಿಸಿತು.

“ತಡಿಯೋ ಯಪ್ಪಾ, ಕೂಸು ಊರೊಳಗ ಬರಾಕತ್ತೈತಿ!”

ಸೈಕಲ್ಲಿನವನು ಕಾಲೂರಿ ನಿಂತ. ಅವ್ವ ತುಂಡು ಒಗೆದು, ನೀರು ಚೆಲ್ಲಿದಳು. ಮನೆಯ ಕಡೆ ಕೂಸಿನ ತಳ್ಳುಬಂಡಿ ತಿರುಗಿಸಿದಾಗ ಯಾನ್ನೆಕೆ ಮೆಲ್ಲಗೆ ಹೇಳಿದರು: “ಕೋಟೆಯ ಒಳಗು ಅಂದರೆ ನದಿಯ ಕಡೆ. ನಿಮ್ಮ ಮನೆ ಹೊರಗಿದೆ.”

ಅಳುಕುತ್ತಲೇ ಅವ್ವನಿಗೆ ಹೇಳಿದೆ. ಅವಳು ಬಗ್ಗಿ ಕೂಸಿನ ಟೊಪ್ಪಿಗೆ ಸರಿಮಾಡಿದಳು. “ಒಮ್ಮೆ ಒಳಗ ಬಂದಾನಲ್ಲ. ಇನ್ನ ಎಲ್ಲೇರ ಇರ್ಲಿ, ಊರು ಅವಂದ. ನಾಳಿಂದ ನನ್ನ ಬ್ಯಾಗು ಕಟ್ಟೂಣು.”

ಆಮೇಲೆ ನನ್ನನ್ನು ದಿಟ್ಟಿಸಿದಳು. “ನೀನೂ ನಿಂದರು. ನಿನಗ ಇಲ್ಲಿ ಯಾರು ನಿವಾಳಿಸ್ಯಾರ?”

“ಯಾವ ಕಡೆ ಮಾರಿ ಮಾಡ್ಲಿಬೇ?” ಎಂದು ಅತ್ತಿತ್ತ ಮುಖ ತಿರುಗಿಸುತ್ತ ಕೇಳಿದೆ.

ಅವ್ವ ನದಿಯತ್ತ ನೋಡಿದಳು, ನಮ್ಮ ಮನೆಯತ್ತ ನೋಡಿದಳು. “ವಿಜಾಪುರ ಯಾವ ದಿಕ್ಕಿಗೆ ಬರತದ ಇಲ್ಲಿಂದ?” ಎಂದಳು.

ಸೂರ್ಯ ಎಲ್ಲಿದ್ದಾನೆಂದು ನಾನು ತಲೆಯೆತ್ತಿ ಹುಡುಕಿದೆ.