ಹಮ್ರಿಯಾದ ಕಿಟಕಿಯ ಸಂದು

ಸಲಾಲಾಕ್ಕೆ ಹೋಗುವ ನನ್ನ ಬಸ್ಸು ಸಂಜೆಗೆ. ಅಲ್ಲಿಯವರೆಗೆ ಈ ಅರಬ್ ನಾಡಿನ ಹಮ್ರಿಯಾ ಬಡಾವಣೆಯಲ್ಲಿ, ಗೆಳೆಯನ ಪರಿಚಯದ ಸದಾನಂದರ ಕೋಣೆಯಲ್ಲಿ ಕುಳಿತಿದ್ದೇನೆ. ಕಾರ್ಕಳದ ಕಡೆಯ ಅವರಿಗೆ ಇಂದು ಶುಕ್ರವಾರದ ರಜೆ. ಹಳೆಯ ಮನೆ, ಅಂಗಡಿಗಳಿಗೆ ಬಿಸಿಲಿನ ಕಾವು ನುಗ್ಗದಂತೆ ಫೋಮ್ ಹೊದಿಸುವುದು ಅವರ ಕೆಲಸ. ಉಳಿದ ತುಂಡುಗಳನ್ನು ತಂದು ತಮ್ಮ ಕೋಣೆಯನ್ನೂ ಮೀನಿನ ಐಸ್ ಪೆಟ್ಟಿಗೆಯ ಹಾಗೆ ಮಾಡಿಕೊಂಡಿದ್ದಾರೆ. ಹೊರಗೆ ರಸ್ತೆ ಕುದಿಯುತ್ತಿದ್ದರೂ ಒಳಗೆ ತಣ್ಣಗಿದೆ. ನನ್ನ ಉಸಿರು ನನಗೇ ಕೇಳುವಷ್ಟು ಮೌನ.

ಒಂದೇ ಒಂದು ಕುಂದು. ಅಡುಗೆಕಟ್ಟೆಯ ಮೇಲಿನ ಕಿಟಕಿಯ ಅಂಚಿನಲ್ಲಿ ಗೇಣುದ್ದ ಫೋಮ್ ಕಿತ್ತುಬಂದು ಬಿಸಿಗಾಳಿ ಒಳಗೆ ಬರುತ್ತಿತ್ತು. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅವರು ಸ್ನಾನಕ್ಕೆ ಹೋದಾಗ ಹಳೆಯ ಪೇಪರು ಮಡಚಿ ಆ ಸಂದಿಗೆ ತುರುಕಿದೆ.

ತಲೆ ಒರೆಸಿಕೊಳ್ಳುತ್ತ ಬಂದವರು ನೇರ ಅಲ್ಲಿಗೇ ಹೋಗಿ ಪೇಪರನ್ನು ಎಳೆದು ತೆಗೆದರು.

"ಅದು ಹಾಳಾದದ್ದಲ್ಲ ಮಾರಾಯ್ರೆ, ನಾನೇ ಕಿತ್ತದ್ದು. ಎಲ್ಲ ಮುಚ್ಚಿದ ಮೇಲೆ ಪಕ್ಕದ ಮನೆಯವರ ಶಬ್ದವೇ ಇಲ್ಲ. ಎರಡು ದಿನ ತಡೆದೆ, ಮತ್ತೆ ಆಗ್ಲಿಲ್ಲ."

"ಯಾರು ಅವರು?"

"ನಮ್ಮ ಕಡೆಯವರೇ. ಹೆಸರು ಗೊತ್ತಿಲ್ಲ. ಫ್ಯಾಮಿಲಿ ಇರುವವರು, ನಾನು ಒಬ್ಬನೇ ಇರುವವ. ಸುಮ್ಮನೆ ಹೋಗಿ ಬಾಗಿಲು ತಟ್ಲಿಕ್ಕೆ ಆಗ್ತದಾ?"

ನಾಲ್ಕೂವರೆಗೆ ಆ ಸಂದಿನಿಂದ ಹೆಂಗಸಿನ ದನಿ ಬಂತು, ತುಳುವಿನಲ್ಲಿ ಮನೆಯವರನ್ನೆಲ್ಲ ಚಹಾಕ್ಕೆ ಕರೆಯುತ್ತ: "ಬಲೆ, ಚಾ ಪರ್ಲೆ." ಮಗುವೊಂದು ಇಂಗ್ಲಿಷಿನಲ್ಲಿ ಏನೋ ತಕರಾರು ತೆಗೆಯಿತು.

ಸದಾನಂದರು ಎದ್ದು ಒಲೆ ಹಚ್ಚಿ ನಮ್ಮಿಬ್ಬರಿಗೆ ನೀರಿಟ್ಟರು. ಆಮೇಲೆ ಕಿಟಕಿಯ ಕಡೆ ತಿರುಗಿ, ತುಳುವಿನಲ್ಲೇ, ಗೋಡೆಯಾಚೆ ಕೇಳಿಸದಷ್ಟು ಮೆಲ್ಲಗೆ, ಬಂದೆ ಎಂದರು.