ಚಿಕ್ಕಮ್ಮ ಕೊಟ್ಟ ಟೋಪಿ

ನಮ್ಮ ಮನೆಯ ಟಿವಿಯಲ್ಲಿ ಈಗ ನ್ಯೂಸ್ ಚಾನೆಲ್ ಬರುವುದಿಲ್ಲ. ನಾನೇ ತೆಗೆಸಿದೆ. ಗಂಡ ಎರಡು ದಿನ ಗೊಣಗಿದರು. ಅಡುಗೆ ಬರಲಿ, ದೇವರ ಹಾಡು ಬರಲಿ, ಆ ಅರಚಾಟ ಮಾತ್ರ ನನ್ನ ಮನೆಯೊಳಗೆ ಬೇಡ ಅಂದೆ. ಓಟು ಕೇಳಲು ಬರುವವರನ್ನು ಜಗಲಿಯ ಮೇಲೆ ಕೂರಿಸುವುದನ್ನೂ ಬಿಟ್ಟಿದ್ದೇನೆ. ನಿಂತೇ ಮಾತಾಡಿ ನಿಂತೇ ಹೋಗಲಿ. ಸೊಕ್ಕು ಅನ್ನುವವರು ಅನ್ನಲಿ. ಈ ಎರಡು ಥರದ ಜನ ಸೇರಿಕೊಂಡು ನನ್ನ ಚಿಕ್ಕಮ್ಮನನ್ನು ನನ್ನಿಂದ ದೂರ ಮಾಡಿದರು.

ಚಿಕ್ಕಮ್ಮ ಅಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಲ್ಲಿಂದ ನನ್ನ ತಲೆ ಬಾಚಿದವಳು, ಮೈನೆರೆದಾಗ ಕೂರಿಸಿ ಆರತಿ ಎತ್ತಿದವಳು, ಬಾಣಂತನ ಮಾಡಿದವಳು ಅವಳೇ. ನಾನು ಮದುವೆಯಾದದ್ದೂ ಇದೇ ಊರಿಗೆ. ವಾರವಿಡೀ ಗುಂಡ್ಲುಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತಳಾಗಿ ದುಡಿಯುತ್ತೇನೆ, ರಜೆ ಬಂದರೆ ಹೊಲಕ್ಕೆ ಇಳಿಯುತ್ತೇನೆ. ನಮ್ಮ ಹೊಲ, ಚಿಕ್ಕಮ್ಮನ ಹೊಲ ಅಕ್ಕಪಕ್ಕ. ನಡುವೆ ಇರುವುದು ಒಂದು ಬದು.

ನಮ್ಮ ಕಡೆ ಮುಯ್ಯಾಳು ಅಂತ ಇದೆ. ಇವತ್ತು ನೀವು ನಮ್ಮ ಹೊಲಕ್ಕೆ, ನಾಳೆ ನಾವು ನಿಮ್ಮ ಹೊಲಕ್ಕೆ. ಕೂಲಿಯ ಮಾತೇ ಇಲ್ಲ. ಹೊಲದವರು ಮಧ್ಯಾಹ್ನ ಮುದ್ದೆ, ಸಾರು ಹಾಕಬೇಕು, ಅಷ್ಟೇ. ಸಾಂಬಾರ್ ಈರುಳ್ಳಿ ನಾಟಿಗಂತೂ ಮುಯ್ಯಾಳು ಇಲ್ಲದೆ ಆಗುವುದೇ ಇಲ್ಲ. ನೀರು ಹಾಯಿಸಿದ ಸಾಲು ಒಣಗುವುದರೊಳಗೆ ಗಡ್ಡೆಗಳನ್ನು ಊರಿ ಮುಗಿಸಬೇಕು, ಅದಕ್ಕೆ ಹತ್ತಾರು ಕೈ ಬೇಕು. ಇಪ್ಪತ್ತು ವರ್ಷದಿಂದ ಮೊದಲ ದಿನ ನಮ್ಮ ಹೊಲ, ಎರಡನೆಯ ದಿನ ಚಿಕ್ಕಮ್ಮನದು.

ಕಳೆದ ಚುನಾವಣೆಯ ಬೇಸಿಗೆ. ನಮ್ಮ ಹೊಲದಲ್ಲಿ ನಾಟಿ. ಬಿಸಿಲು ನೆತ್ತಿ ಸುಡುತ್ತಿತ್ತು. ಚಿಕ್ಕಮ್ಮ ಮನೆಯಿಂದ ಒಂದು ಗೋಣಿಚೀಲ ಹೊತ್ತು ತಂದು ಬದುವಿನ ಮೇಲೆ ಸುರಿದಳು. ನಾಲ್ಕೈದು ಚುನಾವಣೆಗಳಲ್ಲಿ ಹಂಚಿದ್ದ ಟೋಪಿ, ಶಾಲುಗಳೆಲ್ಲ ಅದರಲ್ಲಿದ್ದವು. ಎಲ್ಲ ಪಕ್ಷದವೂ ಇದ್ದವು. ನಮ್ಮೂರಲ್ಲಿ ಅವನ್ನು ಯಾರೂ ಎಸೆಯುವುದಿಲ್ಲ. ಹಾಲಿನ ಕ್ಯಾನು ಒರೆಸಲು, ರೊಟ್ಟಿ ಸುತ್ತಿಡಲು, ಬಿಸಿಲಿಗೆ ತಲೆಗೆ ಕಟ್ಟಲು ಬೇಕಾಗುತ್ತವೆ. ಯಾವ ಗುರುತು ಅಂತ ನೋಡಿದವರೇ ಇಲ್ಲ. ಅದೇ ನಾವು ಮಾಡಿದ ತಪ್ಪು.

"ಇಕ್ಕಳಮ್ಮಿ, ತಲೆ ಸುಟ್ಟೋದದು," ಅಂತ ನನ್ನ ತಲೆಗೆ ಒಂದು ಟೋಪಿಯನ್ನು ಅವಳೇ ಇಟ್ಟಳು.

ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ಬರುತ್ತಿದ್ದ ಟಿವಿಯವರ ಕಾರು ರಸ್ತೆಯಲ್ಲಿ ನಿಂತಿತು. ಕೂಲಿಂಗ್ ಗ್ಲಾಸ್ ಹಾಕಿದ್ದ ವರದಿಗಾರ ಮೈಕ್ ಹಿಡಿದು ಸಾಲು ತುಳಿದುಕೊಂಡೇ ಬಂದ. ಆಗಲೇ ಓಡಿಸಬೇಕಿತ್ತು. "ಈ ಸಲ ಯಾರ ಪರ ಗಾಳಿ ಇದೆ ಅಮ್ಮಾ?" ಅಂದ. ನನಗೆ ಎಲ್ಲಿತ್ತೋ ಸಿಟ್ಟು. ಇವರು ಬಂದರು, ಅವರು ಬಂದರು, ಊರ ಕೆರೆಗೆ ನೀರು ಬರಲಿಲ್ಲ, ಆನೆ ಕಂದಕ ಅರ್ಧಕ್ಕೆ ನಿಂತಿದೆ, ಬೆಳಗ್ಗೆಯ ಬಸ್ಸಿಗೆ ಜೋತುಬಿದ್ದು ಹೋಗುತ್ತೇವೆ ಅಂತ ಎರಡೂ ಪಕ್ಷದವರಿಗೆ ಸಮಸಮವಾಗಿ ಝಾಡಿಸಿದೆ. ಹೆಂಗಸರು ನಕ್ಕರು. ಚಿಕ್ಕಮ್ಮ, "ಇನ್ನಾ ನಾಕು ಉಗಿಯಮ್ಮಿ," ಅಂತ ಹುರಿದುಂಬಿಸಿದಳು.

ಸಂಜೆ ಏಳಕ್ಕೆ ಟಿವಿಯಲ್ಲಿ ಬಂತು. ಒಂದು ಪಕ್ಷಕ್ಕೆ ಬೈದದ್ದಷ್ಟೇ ಬಂತು. ಇನ್ನೊಂದಕ್ಕೆ ಬೈದ ಮಾತೇ ಇಲ್ಲ. ನನ್ನ ತಲೆಯ ಮೇಲೆ ಆ ಇನ್ನೊಂದು ಪಕ್ಷದ ಟೋಪಿ! ಅದೇ ಗುರುತಿನ ಮೂವರನ್ನು ಹುಡುಕಿ ತೋರಿಸಿದ್ದರು, ಬೇರೆ ಟೋಪಿಯವರು ಒಬ್ಬರೂ ಕಾಣಲಿಲ್ಲ. "ಇಡೀ ಊರೇ ಒಂದಾಗಿ ಸಿಡಿದೆದ್ದಿದೆ," ಅಂತ ಸ್ಟುಡಿಯೋದಲ್ಲಿ ಕೂತ ಕೋಟಿನವನು ಮೇಜು ಗುದ್ದಿದ. ಅವನ ಕೈ ಸೇದಿಹೋಗ!

ಚಿಕ್ಕಮ್ಮನ ಮಗ, ನನಗೆ ತಮ್ಮನಾಗಬೇಕು, ನಾನು ಬೈದದ್ದು ಟಿವಿಯಲ್ಲಿ ಬಂದ ಆ ಪಕ್ಷದ ಬೂತ್ ಮಟ್ಟದ ಕಾರ್ಯಕರ್ತ. ಮರುದಿನ ಬೆಳಗ್ಗೆ ನಾವು ಹತ್ತು ಜನ ಚಿಕ್ಕಮ್ಮನ ಹೊಲಕ್ಕೆ ಹೋದರೆ ಬದುವಿನ ಮೇಲೆ ಅವನು ಕೊರಳಿಗೆ ಶಾಲು ಹಾಕಿಕೊಂಡು ನಿಂತಿದ್ದ.

"ನೀನು ಬರದು ಬ್ಯಾಡ ಕಣಕ್ಕ. ನಿನ್ ಜೊತೆಗ್ ಬಂದೋರೂ ಬ್ಯಾಡ. ನಮ್ ಮಾನ ಕಳ್ದಿರೋದು ಸಾಕು."

"ಲೋ, ಆ ಟೋಪಿ ನಿಮ್ಮವ್ವನೇ ಕೊಟ್ಟಿದ್ದು ಕಣ್ಲಾ! ಕೇಳ್ಲಾ ಬೇಕಾದ್ರೆ!" ಅಂತ ಕೂಗಿದೆ.

ಚಿಕ್ಕಮ್ಮ ಅಲ್ಲೇ ಇದ್ದಳು. ಗಡ್ಡೆಯ ಪುಟ್ಟಿ ಸೊಂಟಕ್ಕೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಹೌದು ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ತಲೆ ತಗ್ಗಿಸಿದಳು. ನೀರು ಹಾಯಿಸಿದ ಸಾಲುಗಳು ಮಧ್ಯಾಹ್ನದ ಹೊತ್ತಿಗೆ ಬಿರಿದವು. ಆಮೇಲೆ ಆಟೋದಲ್ಲಿ ಬೇರೆ ಊರಿನ ಕೂಲಿಯವರು ಬಂದು ಹೇಗೋ ಊರಿ ಹೋದರು. ಅರ್ಧ ಹುಟ್ಟಲಿಲ್ಲ.

ವರದಿಗಾರನ ನಂಬರ್ ಹುಡುಕಿ ಫೋನ್ ಮಾಡಿದೆ. "ಮೇಡಂ, ನಮಗೆ ಸಿಗೋದೇ ನಲವತ್ತು ಸೆಕೆಂಡು. ನೀವು ಫೇಮಸ್ ಆದ್ರಲ್ಲ, ಖುಷಿಪಡಿ," ಅಂದ. ಅವನಿಗೆ ಅಂದ ಮಾತನ್ನು ಇಲ್ಲಿ ಬರೆಯಲು ಬರುವುದಿಲ್ಲ. ಇನ್ನು ಆ ಟೋಪಿಯ ಪಕ್ಷದವರು ಹಾರ ಹಿಡಿದು ಮನೆಗೇ ಬಂದರು, ಮಹಿಳಾ ಘಟಕಕ್ಕೆ ಸೇರಿ ಅಂತ. ಥೂ! ಹಾರವನ್ನು ಹಸುವಿಗೆ ಹಾಕಿದೆ. ಓಟಿನ ದಿನ ಹೋಗಿ ಯಾರಿಗೂ ಇಲ್ಲ ಅನ್ನುವ ಗುಂಡಿ ಒತ್ತಿ ಬಂದೆ. ಸಾಲಿನಲ್ಲಿ ನನಗಿಂತ ಮೂರು ಜನ ಮುಂದೆ ಚಿಕ್ಕಮ್ಮ ನಿಂತಿದ್ದಳು, ತಿರುಗಿ ನೋಡಲಿಲ್ಲ.

ಹೋದ ವರ್ಷ ಏನಾಯಿತು ಗೊತ್ತೇ? ತಮ್ಮ ಯಾರಿಗಾಗಿ ಬದುವಿನ ಮೇಲೆ ಕಾವಲು ನಿಂತಿದ್ದನೋ ಆ ಮುಖಂಡ ಪಕ್ಷ ಬದಲಾಯಿಸಿದ. ಚಾಮರಾಜನಗರದಲ್ಲಿ ದೊಡ್ಡ ಸಭೆ. ಹಿಂದೆ ಅಪ್ಪ ಅಮ್ಮನನ್ನೆಲ್ಲ ಎಳೆತಂದು ಒಬ್ಬರನ್ನೊಬ್ಬರು ಬೈದಾಡಿಕೊಂಡಿದ್ದವರು ತಬ್ಬಿಕೊಂಡು ಲಾಡು ತಿನ್ನಿಸಿಕೊಂಡರು. ಅದೇ ಚಾನೆಲ್ಲು, ಅದೇ ಕೋಟಿನವನು, "ಐತಿಹಾಸಿಕ" ಅಂದ. ಸಭೆಯಿಂದ ತಮ್ಮ ವಾಪಸು ಬಂದಾಗ ಅವನ ತಲೆಯ ಮೇಲೆ ನಾನು ಅಂದು ಹಾಕಿಕೊಂಡಿದ್ದಂಥದೇ ಟೋಪಿ. ನಾಚಿಕೆಯೂ ಇಲ್ಲ. ಬೀದಿಯಲ್ಲಿ ಸಿಕ್ಕಿ, "ಊಟ ಆಯ್ತಕ್ಕ?" ಅಂದ.

ಉಗಿಯಬೇಕು ಅನ್ನಿಸಿತು. ಆದರೂ ಒಳಗೊಳಗೇ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಇನ್ನು ಜಗಳಕ್ಕೆ ಕಾರಣವೇ ಇಲ್ಲವಲ್ಲ. ಈ ಬೇಸಿಗೆ ನಾಟಿಗೆ ಮೊದಲೇ ಚಿಕ್ಕಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಬಿತ್ತನೆ ಗಡ್ಡೆ ಬಿಡಿಸುತ್ತಿದ್ದಳು. ಸೊರಗಿದ್ದಳು. ಎದುರಿಗೆ ಕೂತು ನಾನೂ ನಾಲ್ಕು ಗಡ್ಡೆ ಬಿಡಿಸಿದೆ. ಬೇಡ ಅನ್ನಲಿಲ್ಲ.

"ನಾಳಿದ್ದು ನಿಮ್ಮ ಹೊಲಕ್ಕೆ ಬರ್ತೀನಿ ಚಿಕ್ಕಮ್ಮ. ಅವತ್ತಿನ ಮುಯ್ಯಿ ಹಂಗೇ ಉಳ್ಕಂಡದೆ," ಅಂದೆ.

ಅವಳು ಒಳಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಮುಖ ನೋಡದೆ, ಗಡ್ಡೆ ಬಿಡಿಸುತ್ತಲೇ, ಮೆಲ್ಲಗೆ ಕೇಳಿದಳು:

"ಕೂಲಿ ಎಷ್ಟ್ ತಗತೀಯಮ್ಮಿ?"