ಪಕ್ಕೆಲುಬು ಡಾಕ್ಟರ ಹೊಟ್ಟೆಯುರಿ

ಪಕ್ಕೆಲುಬು ಡಾಕ್ಟರೆಂದರೆ ಆಸ್ಪತ್ರೆಯ ಗೇಟು ಕಾಯುವವನಿಂದ ಹಿಡಿದು ಎಲ್ಲರಿಗೂ ಗೊತ್ತು. ಎದೆಯೊಳಗೆ ಗಾಳಿಯೋ ಕೀವೋ ತುಂಬಿ ಉಸಿರು ಸಿಕ್ಕಿಕೊಂಡವರಿಗೆ ಎರಡು ಪಕ್ಕೆಲುಬುಗಳ ನಡುವೆ ಕೊಯ್ದು, ಕೊಳವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿಡುವುದು ಅವರ ಕಸುಬು. ಅವರ ಕೈಯ ವೇಗ ಎಂಥದ್ದೆಂದರೆ, ಸೀನಲು ಬಾಯಿ ತೆರೆದ ರೋಗಿಯೊಬ್ಬ ಸೀನುವಷ್ಟರಲ್ಲಿ ಕೊಳವೆ ಒಳಗಿತ್ತಂತೆ, ಸೀನು ಮೂಗಿನಲ್ಲಿ ಬರದೆ ಬಾಟಲಿಯಲ್ಲಿ ಗುಳುಗುಳು ಎಂದಿತಂತೆ. ನಂಬುವುದು ಬಿಡುವುದು ಕೇಳಿದವರಿಗೆ ಸೇರಿದ್ದು. ರೋಗಿಗಳು ಕಿರುಚುತ್ತಿದ್ದುದಂತೂ ನಿಜ. ಮರಗಟ್ಟಿಸುವ ಸೂಜಿ ಚುಚ್ಚಿದ ಮೇಲೆ ಅದು ಹಿಡಿಯುವ ತನಕ ಕಾಯುವ ತಾಳ್ಮೆ ಡಾಕ್ಟರಿಗೆ ಇರಲಿಲ್ಲ.

ಕಲಿಯಲು ಬಂದ ಎಳೆ ಸರ್ಜನ್‌ಗಳನ್ನು ತೂಗಿ ನೋಡುವವರೂ ಅವರೇ. ಕೊಳವೆ ಹಾಕುವುದನ್ನು ನೋಡಿ ಮೂರರಲ್ಲೊಂದು ಮಾತು ಬರೆಯಬೇಕು: ಪಕ್ಕದಲ್ಲಿ ಹಿರಿಯರು ಬೇಕು, ಕರೆದರೆ ಸಿಗುವಂತಿದ್ದರೆ ಸಾಕು, ಒಬ್ಬರೇ ಮಾಡಬಹುದು. ಮೂರನೆಯದು ಸಿಗದೆ ತರಬೇತಿ ಮುಗಿಯುವುದಿಲ್ಲ.

ಆ ವರ್ಷ ಬಂದವಳಿಗೆ ನರ್ಸುಗಳು ಗುಬ್ಬಿ ಎಂದು ಹೆಸರಿಟ್ಟಿದ್ದರು. ಎತ್ತರ ಸಾಲದೆ ಸ್ಟೂಲಿನ ಮೇಲೆ ನಿಂತು ಕೆಲಸ ಮಾಡುವ ಹುಡುಗಿ. ಅವಳ ಪರೀಕ್ಷೆಗೆ ಸಿಕ್ಕ ರೋಗಿ ಒಬ್ಬ ಬಸ್ ಡ್ರೈವರ್. ಗುಬ್ಬಿ ಸೂಜಿ ಚುಚ್ಚಿ, ಸಿರಿಂಜನ್ನು ಟ್ರೇಗೆ ಹಾಕಿ, ಸುಮ್ಮನೆ ನಿಂತಳು.

"ಮಕ್ಕಳೆಷ್ಟು ಅಣ್ಣ?"

"ಇಬ್ರು."

"ಮನೇಲಿ ಯಾರದ್ದು ಹೆಚ್ಚು ತಂಟೆ?"

"ಅವರಮ್ಮಂದು," ಎಂದ ಡ್ರೈವರ್ ಏದುಸಿರಿನಲ್ಲೇ.

ಡಾಕ್ಟರ ಪಾದ ನೆಲ ಬಡಿಯತೊಡಗಿತು. ಗುಬ್ಬಿ ಚಿಮಟದಿಂದ ಚರ್ಮ ಹಿಂಡಿ ನೋಡಿದಳು. ಅವನಿಗೆ ಗೊತ್ತಾಗಲಿಲ್ಲ. ಕೆಳಗಿನ ಎಲುಬಿನ ಮೇಲಂಚಿಗೆ ಕೊಯ್ದಳು, ಬೆರಳು ಹಾಕಿ ಒಳಗೆ ದಾರಿ ನೋಡಿಕೊಂಡಳು, ಕೊಳವೆ ಬಿಟ್ಟಳು. ಬಾಟಲಿ ಗುಳುಗುಟ್ಟಿತು. ಡ್ರೈವರ್ ಇನ್ನೂ ಹೆಂಡತಿಯ ದೂರು ಹೇಳುತ್ತಲೇ ಇದ್ದ.

ಹಿರಿಯ ನರ್ಸ್ ಮೆಲ್ಲಗೆ, "ಇವಳ ಕೈ ನೋಡಿದ್ರಾ ಸಾರ್? ನಾನು ಈ ವಾರ್ಡಿಗೆ ಬಂದಾಗಿನಿಂದ ಇಂಥ ಕೈ ನೋಡಿಲ್ಲ," ಎಂದಳು.

ಅಷ್ಟೂ ವರ್ಷ ಅವಳು ನಿಂತಿದ್ದದ್ದು ಡಾಕ್ಟರ ಪಕ್ಕದಲ್ಲೇ. ಡಾಕ್ಟರ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಹುರಿದಂತಾಯಿತು. 'ತೀರಾ ನಿಧಾನ. ಪಕ್ಕದಲ್ಲಿ ಹಿರಿಯರು ಬೇಕು' ಎಂದು ಬರೆದು, ಮನೆಗೆ ಹೋಗಿ ಗುಬ್ಬಿಯ ನಿಧಾನದ ಬಗ್ಗೆ ಕೂಗಾಡಿದರು.

"ರೋಗಿ ಕಿರುಚಿದ್ನಾ?" ಹೆಂಡತಿ ಕೇಳಿದಳು.

"ಇಲ್ಲ."

"ಮತ್ತೆ ನೀವ್ಯಾಕೆ ಕಿರುಚ್ತಿದೀರಿ?"

ಬರೆಯುವ ಭರದಲ್ಲಿ ಡಾಕ್ಟರು ಒಂದನ್ನು ಮರೆತಿದ್ದರು. ಪಕ್ಕದಲ್ಲಿ ಹಿರಿಯರು ಬೇಕೆಂದು ಬರೆದವರೇ ಆ ಹಿರಿಯರಾಗಿ ನಿಲ್ಲಬೇಕೆಂಬುದು ಆಸ್ಪತ್ರೆಯ ಕಟ್ಟಳೆ. ಊಟಕ್ಕೆ ಕೂತರೆ ಕರೆ, ಕಣ್ಣು ಮುಚ್ಚಿದರೆ ಕರೆ. ಒಮ್ಮೆಯಂತೂ ಅರ್ಧ ತಲೆಯ ಕ್ಷೌರ ಮಾಡಿಸಿಕೊಂಡವರು ಇನ್ನರ್ಧವನ್ನು ಟೋಪಿಯಲ್ಲಿ ಮುಚ್ಚಿಕೊಂಡು ಓಡಿಬಂದರು. ಬಂದು ಮಾಡುವುದೇನು, ಕೈ ಹಿಂದೆ ಕಟ್ಟಿ ಗುಬ್ಬಿಯ ಕೈ ನೋಡುವುದು. ಯಾವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೋ ಅದನ್ನೇ ದಿನವೂ ನೋಡುವುದು.

ಒಬ್ಬ ಮುದುಕಿ, "ಡಾಕ್ಟ್ರಮ್ಮ, ಆ ಮೂಲೇಲಿ ನಿಂತಿರೋರು ಯಾರು?" ಎಂದಳು.

"ನನ್ನ ಗುರುಗಳು ಅಜ್ಜಿ."

"ಪಾಪ, ಒಂದು ಕುರ್ಚಿ ಕೊಡಮ್ಮ. ನೋಡ್ತಾ ನೋಡ್ತಾ ಅವರಿಗೂ ಬರುತ್ತೆ."

ಅಂದಿನಿಂದ ಡಾಕ್ಟರು ಗುಬ್ಬಿಯ ತಪ್ಪಿಗೆ ಹೊಂಚು ಹಾಕಿದರು. ಒಂದು ಮಧ್ಯಾಹ್ನ ಸಿಕ್ಕಿತು. ತೆಳ್ಳಗಿನ ಯುವಕನೊಬ್ಬನಿಗೆ ಕೊಳವೆ ಹಾಕಿ ಹೊಲಿಯುತ್ತಿದ್ದ ಗುಬ್ಬಿ, ಕೊಳವೆಗೆ ಸಿಕ್ಕಿಸಿದ್ದ ಕ್ಲ್ಯಾಂಪನ್ನು ಬಿಚ್ಚಿರಲಿಲ್ಲ. ಗಾಳಿ ಹೊರಬರುವ ದಾರಿಯೇ ಮುಚ್ಚಿತ್ತು. ಬಾಟಲಿಯಲ್ಲಿ ಒಂದು ಗುಳ್ಳೆಯಿಲ್ಲ. ಡಾಕ್ಟರಿಗೆ ಅದು ಮೊದಲೇ ಕಂಡಿತು. ಎಷ್ಟು ಖುಷಿಯಾಯಿತೆಂದರೆ ಬಾಯಿ ತೆರೆಯಲೇ ಇಲ್ಲ. ಮರೆಯಲಿ, ಇನ್ನೂ ಸ್ವಲ್ಪ ಮರೆಯಲಿ ಎಂದುಕೊಳ್ಳುತ್ತ ನಿಂತರು. ಯುವಕನ ಕುತ್ತಿಗೆಯ ನರ ಉಬ್ಬಿತು, ತುಟಿ ಕಪ್ಪಿಟ್ಟಿತು. ಗುಬ್ಬಿ ಬಾಟಲಿಯತ್ತ ತಿರುಗಿದವಳೇ ಕ್ಲ್ಯಾಂಪ್ ಕಿತ್ತಳು. ನೀರು ಕುದಿದಂತೆ ಗುಳ್ಳೆ ಎದ್ದಿತು, ಅವನ ಉಸಿರು ಹಗುರಾಯಿತು.

ಡಾಕ್ಟರು ಹಿಂದೆ ಕಟ್ಟಿದ್ದ ಕೈಯನ್ನು ಆಗ ಬಿಚ್ಚಿದರು.

ಕೈ ತೊಳೆಯುವಾಗ ಗುಬ್ಬಿ, "ತಪ್ಪಾಯ್ತು ಸಾರ್. ಬರ್ಕೊಳ್ಳಿ," ಎಂದಳು.

ಡಾಕ್ಟರು ಬರೆದರು. ಗುಬ್ಬಿ ಎರಡೆರಡು ಸಲ ಓದಿದಳು. 'ಒಬ್ಬರೇ ಮಾಡಬಹುದು' ಎಂದಿತ್ತು.

"ಇವತ್ತೇ ತಪ್ಪು ಮಾಡಿದೀನಲ್ಲ ಸಾರ್."

"ನಿಂಗೆ ಕಂಡ ತಕ್ಷಣ ಬಿಚ್ಚಿದೆ. ನಂಗೆ ನಿನಗಿಂತ ಮುಂಚೆ ಕಂಡಿತ್ತು, ಸುಮ್ನಿದ್ದೆ. ಅಂಥವನು ನಿನ್ನ ಪಕ್ಕ ಇರಬಾರದು."

ಗುಬ್ಬಿ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ಕಷ್ಟ ಬಂದ್ರೆ ಕರೀಬಹುದಾ ಸಾರ್?"

"ಕಷ್ಟ ಬಂದ್ರೆ ಕರಿ, ಓಡಿಬರ್ತೀನಿ. ಸಲೀಸಾಗಿ ಆಗ್ತಿದ್ರೆ ಮಾತ್ರ ಕರೀಬೇಡಮ್ಮ, ನನ್ನ ಕೈಲಿ ನೋಡೋಕಾಗಲ್ಲ."